ಹಿಂಗಾರಿ ಸೂರ್ಯಕಾಂತಿ ಜೇನುತುಪ್ಪ ಎರಿಯಲ್ಲೇ ಗಟ್ಟಿಯಾಗುತ್ತಿದೆ: ಪೆಟ್ಟಿಗೆ ಯಾವಾಗ ಇಡಬೇಕು, ತುಪ್ಪ ಯಾವಾಗ ತೆಗೆಯಬೇಕು?

ಎರೆಹೊಲ_ಗದಗ

ಗದಗ ಜಿಲ್ಲೆ, ಎರೆಭೂಮಿ. ಹತ್ತು ಫ್ರೇಮಿನ ಮೆಲ್ಲಿಫೆರಾ (ಯುರೋಪಿನ ಜೇನು) ಪೆಟ್ಟಿಗೆ 30 ಇವೆ. ಸುತ್ತ ಒಂದೂವರೆ ಕಿಲೋಮೀಟರಿನೊಳಗೆ ಸೂರ್ಯಕಾಂತಿ ಸುಮಾರು 15 ಎಕರೆ, ಅದರಾಚೆ ಕುಸುಬೆ, ಬಿಳಿಜೋಳ, ಕಡಲೆ, ಅಲ್ಲಲ್ಲಿ ಕೊತ್ತಂಬರಿ. ಸೂರ್ಯಕಾಂತಿ ನವೆಂಬರ್ ಕೊನೆಗೆ ಹೂ ಬಿಡುತ್ತದೆ, ಕುಸುಬೆ ಜನವರಿ ಹೊತ್ತಿಗೆ.

ಜೇನು ಕೋಣೆ (ತುಪ್ಪ ಕೂಡಿಡುವ ಮೇಲಿನ ಅಂತಸ್ತು) ತುಂಬುತ್ತದೆ, ಕಣಗಳ ಬಾಯಿಗೆ ಮೇಣದ ಮೊಹರೂ ಬೀಳುತ್ತದೆ. ಆದರೆ ಮೊಹರು ಕೊಯ್ದು ತುಪ್ಪ ತೆಗೆಯುವ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಎರಿಯ (ಮೇಣದ ಗೂಡಿನ) ಅರ್ಧದಷ್ಟು ಕಣಗಳು ತುಪ್ಪ ಬಿಡುವುದೇ ಇಲ್ಲ. ಒಳಗೆ ಬಿಳಿ ರವೆಯ ಹಾಗೆ ಕಟ್ಟಿಕೊಂಡಿರುತ್ತದೆ. ಮೊಹರು ಬೀಳುವ ಮೊದಲೇ ತೆಗೆದರೆ ತುಪ್ಪ ನೀರಾಗಿ ಹುಳಿಯುತ್ತದೆ ಎನ್ನುತ್ತಾರೆ, ಕಾದರೆ ಹೀಗೆ ಕಲ್ಲಾಗುತ್ತದೆ. ನಡುವಿನ ದಾರಿ ಯಾವುದು?

ಜೊತೆಗೆ: 15 ಎಕರೆಗೆ 30 ಪೆಟ್ಟಿಗೆ ಹೆಚ್ಚಾಯಿತೇ? ಗಟ್ಟಿಯಾದ 11 ಫ್ರೇಮುಗಳನ್ನು ಏನು ಮಾಡಲಿ? ಬಾಟಲಿಯಲ್ಲಿ ಗಟ್ಟಿಯಾದದ್ದನ್ನು ಗಿರಾಕಿಗಳು ಸಕ್ಕರೆ ಪಾಕ ಎಂದು ವಾಪಸ್ ತರುತ್ತಾರೆ, ಅದಕ್ಕೇನಾದರೂ ಉಪಾಯ ಇದೆಯೇ?

ರಟ್ಟು_ಮೇಣ

ಪೂರ್ತಿ ಮೊಹರು ಬೀಳಲಿ ಎಂದು ಕಾಯುವುದು ಅಂಟುವಾಳ, ನೇರಳೆ, ಮಲೆನಾಡಿನ ಕಾಡುಹೂವಿನ ತುಪ್ಪಕ್ಕೆ ಸರಿ. ಸೂರ್ಯಕಾಂತಿ, ಸಾಸಿವೆಗೆ ಆ ಲೆಕ್ಕ ಹಿಡಿದರೆ ನಿಮಗೆ ಆದದ್ದೇ ಆಗುತ್ತದೆ.

ಕಾರಣ ಸಕ್ಕರೆಯ ಪಾಲಿನಲ್ಲಿದೆ. ತುಪ್ಪದಲ್ಲಿರುವುದು ಮುಖ್ಯವಾಗಿ ಎರಡು ಸಕ್ಕರೆ, ಫ್ರಕ್ಟೋಸ್ ಮತ್ತು ಗ್ಲೂಕೋಸ್. ಫ್ರಕ್ಟೋಸ್ ಕರಗಿಕೊಂಡೇ ಇರುತ್ತದೆ, ಗ್ಲೂಕೋಸ್ ಹರಳಾಗಿ ಹೊರಬೀಳುತ್ತದೆ. ಗ್ಲೂಕೋಸ್ ಎಷ್ಟಿದೆ ಎನ್ನುವುದನ್ನು ನೀರಿನ ಪ್ರಮಾಣದಿಂದ ಭಾಗಿಸಿ ನೋಡಿ. 1.7ಕ್ಕಿಂತ ಕೆಳಗಿದ್ದರೆ ತುಪ್ಪ ಬಹಳ ಕಾಲ ತಿಳಿಯಾಗಿರುತ್ತದೆ, 2.1 ದಾಟಿದರೆ ಬೇಗ ಕಟ್ಟುತ್ತದೆ. ಎಣ್ಣೆಕಾಳಿನ ತುಪ್ಪದಲ್ಲಿ ಗ್ಲೂಕೋಸ್ ಜಾಸ್ತಿ. ಅದರ ಮೇಲೆ ನಿಮ್ಮ ಕಡೆಯ ಒಣಹವೆಯಲ್ಲಿ ಜೇನುನೊಣಗಳು ನೀರನ್ನು ಚೆನ್ನಾಗಿಯೇ ಇಂಗಿಸುತ್ತವೆ. ಅಂದರೆ ತುಪ್ಪ ಪಕ್ವವಾದಷ್ಟೂ ಕಟ್ಟುವ ದಿನ ಹತ್ತಿರ.

ಮೂರನೆಯದು ಚಳಿ. ಹರಳು ಅತಿ ವೇಗವಾಗಿ ಬೆಳೆಯುವುದು 14 ಡಿಗ್ರಿ ಆಸುಪಾಸಿನಲ್ಲಿ, ಡಿಸೆಂಬರ್ ರಾತ್ರಿ ಉತ್ತರ ಕರ್ನಾಟಕದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಸಂಸಾರ ಕೋಣೆಯನ್ನು (ರಾಣಿ, ಮೊಟ್ಟೆ-ಮರಿ ಇರುವ ಕೆಳಗಿನದು) ನೊಣಗಳು 34-35 ಡಿಗ್ರಿಯಲ್ಲಿ ಕಾಯುತ್ತವೆ. ಆದರೆ ಜೇನು ಕೋಣೆಯ ಅಂಚಿನ ಫ್ರೇಮುಗಳ ಮೇಲೆ ರಾತ್ರಿ ನೊಣ ಕೂರದಿದ್ದರೆ ಅವು ಹೊರಗಿನ ಹವೆಗೇ ಇಳಿಯುತ್ತವೆ. ನಿಮ್ಮ 11 ಫ್ರೇಮುಗಳಲ್ಲಿ ಹೆಚ್ಚಿನವು ಗೋಡೆ ಪಕ್ಕದವೇ ಇರಬೇಕು, ಗುರುತು ಹಾಕಿದ್ದರೆ ನೋಡಿ.

ಹಾಗಾಗಿ ಜೇನು ಕೋಣೆಯನ್ನು ಅಗತ್ಯಕ್ಕಿಂತ ಮೊದಲೇ ಪೇರಿಸಬೇಡಿ. ಮೊದಲ ಕೋಣೆಯ ಏಳೆಂಟು ಫ್ರೇಮಿನ ಮೇಲೆ ನೊಣ ಒತ್ತಾಗಿ ಕೂತ ಮೇಲೆಯೇ ಎರಡನೆಯದು. ಕೊಡುವಾಗ ಕಟ್ಟಿದ ಎರಿಯನ್ನೇ ಕೊಡಿ, ಬರೀ ಮೇಣದ ಹಾಳೆ ಬೇಡ. ಒಂದು ಕಿಲೋ ಮೇಣ ಕಟ್ಟಲು ನೊಣಗಳಿಗೆ ಆರರಿಂದ ಎಂಟು ಕಿಲೋ ತುಪ್ಪ ಬೇಕಾಗುತ್ತದೆ, ಹೊಲದ ಹೂವು ಇರುವುದೇ ಎರಡು ವಾರ. ಎರಿ ಕಟ್ಟುವುದರಲ್ಲೇ ಸುಗ್ಗಿ ಮುಗಿದುಹೋಗುತ್ತದೆ.

ತೆಗೆಯುವ ದಿನ ತಿಳಿಯುವುದು ಹೀಗೆ. ಹೊಲದಲ್ಲಿ ಹೂ ಶುರುವಾಗಿ ಎಂಟನೇ ದಿನದಿಂದ ಎರಡು ದಿನಕ್ಕೊಮ್ಮೆ ಅಂಚಿನ ಫ್ರೇಮು ಎತ್ತಿ ಬಿಸಿಲಿಗೆ ಹಿಡಿಯಿರಿ. ತಿಳಿ ತುಪ್ಪದ ಕಣದಲ್ಲಿ ಬೆಳಕು ಹಾಯುತ್ತದೆ, ಕಟ್ಟಲು ಹತ್ತಿದ್ದು ಮಂಕಾಗಿ ಸುಣ್ಣದ ನೀರಿನಂತೆ ಕಾಣುತ್ತದೆ. ಅನುಮಾನ ಬಂದರೆ ಬೆಂಕಿಕಡ್ಡಿ ಚುಚ್ಚಿ ಎತ್ತಿ, ಬಂದ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ. ನುಣ್ಣಗೆ ಜಾರಿದರೆ ಸಮಯ ಇದೆ, ಸಣ್ಣ ಮರಳು ಸಿಕ್ಕರೆ ಅದೇ ವಾರ ತೆಗೆಯಬೇಕು. ಆ ಮರಳೇ ಬೀಜ, ಒಮ್ಮೆ ಬಿದ್ದರೆ ಹರಡಲು ಬಹಳ ದಿನ ಬೇಡ.

ಮೊಹರು ಅರ್ಧದಿಂದ ಮೂರನೇ ಎರಡು ಭಾಗ ಬಿದ್ದಿದ್ದರೆ ನಿಮ್ಮ ಹವೆಗೆ ಸಾಕು, ಆದರೆ ಫ್ರೇಮನ್ನು ಅಡ್ಡ ಮಲಗಿಸಿ ಹಿಡಿದು ಒಮ್ಮೆ ಜಾಡಿಸಿ ನೋಡಿ. ಮೊಹರಿಲ್ಲದ ಕಣದಿಂದ ಹನಿ ಸಿಡಿದರೆ ಅದು ಇನ್ನೂ ಮಕರಂದ, ವಾಪಸ್ ಇಡಿ. ಸಿಡಿಯದಿದ್ದರೆ ಮೀಟರಿನಲ್ಲಿ ನೋಡಿ, ತೇವಾಂಶ ಶೇ 18.5ರೊಳಗಿದ್ದರೆ ತೆಗೆಯಿರಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಮಿತಿ ಶೇ 20, ಆದರೆ ಗಟ್ಟಿಯಾಗುವ ತುಪ್ಪವನ್ನು 20ರಲ್ಲಿ ತುಂಬಿಸುವುದು ಅಪಾಯ. ಏಕೆಂದರೆ ಗ್ಲೂಕೋಸ್ ಹರಳಾಗುವಾಗ ತನ್ನ ತೂಕದ ಶೇ 9ರಷ್ಟು ನೀರನ್ನು ಮಾತ್ರ ಕಟ್ಟಿಕೊಳ್ಳುತ್ತದೆ, ಉಳಿದ ನೀರೆಲ್ಲ ಹರಳುಗಳ ನಡುವಿನ ದ್ರವಕ್ಕೆ ಸೇರುತ್ತದೆ. ಬಾಟಲಿ ಒಟ್ಟಾರೆ 19.5 ಇದ್ದರೂ ಆ ದ್ರವ ಇನ್ನೂ ಹೆಚ್ಚು ತೆಳು. ಯೀಸ್ಟ್ ಕೆಲಸ ಶುರು ಮಾಡುವುದು ಅಲ್ಲೇ. ಗಟ್ಟಿ ತುಪ್ಪ ಮೇಲೆ ನೊರೆಯೆದ್ದು ಮುಚ್ಚಳ ಉಬ್ಬಿಸುವುದು ಇದರಿಂದ.

ಅಂದರೆ ಒಂದೇ ಸಲ ಕೊನೆಗೆ ತೆಗೆಯುವ ಪದ್ಧತಿ ಬಿಡಿ. ಎಂಟು-ಹತ್ತು ದಿನಕ್ಕೊಂದು, ಹೂ ಮುಗಿದ ಮೂರ್ನಾಲ್ಕು ದಿನಕ್ಕೆ ಇನ್ನೊಂದು. ಅಂಚಿನ ಫ್ರೇಮಿಗೆ ಮೊದಲ ಸರದಿ.

ಪೆಟ್ಟಿಗೆ ಲೆಕ್ಕ: ಸೂರ್ಯಕಾಂತಿಗೆ ಪರಾಗಸ್ಪರ್ಶಕ್ಕೆಂದು ಹೇಳುವುದು ಹೆಕ್ಟೇರಿಗೆ ಐದು ಪೆಟ್ಟಿಗೆ, ಎಕರೆಗೆ ಎರಡು. 15 ಎಕರೆಗೆ 30 ಸರಿಹೋಯಿತು. ಆದರೆ ಅದು ಕಾಳು ಕಟ್ಟುವ ಲೆಕ್ಕ, ತುಪ್ಪದ ಲೆಕ್ಕ ಅಲ್ಲ. ಮಳೆ ಕೈಕೊಟ್ಟು ನೆಲದಲ್ಲಿ ತೇವ ಇಲ್ಲದಿದ್ದರೆ ಹೂವಿದ್ದರೂ ಮಕರಂದ ಇರುವುದಿಲ್ಲ. ಆಗ 30ನ್ನು ಎರಡು ಕಡೆ ಹಂಚುವುದು ಒಳ್ಳೆಯದು.

ಇಡುವುದು ಶೇ 5ರಿಂದ 10ರಷ್ಟು ತೆನೆ ಅರಳಿದಾಗ. ಅದಕ್ಕಿಂತ ಮೊದಲೇ ಇಟ್ಟರೆ ನೊಣಗಳು ಬೇರೆ ಹೂವಿಗೆ ದಾರಿ ಮಾಡಿಕೊಂಡುಬಿಡುತ್ತವೆ. ಪೆಟ್ಟಿಗೆಯನ್ನು ತಯಾರು ಮಾಡುವ ಕೆಲಸ ಮಾತ್ರ 40 ದಿನ ಮೊದಲು ಶುರುವಾಗಬೇಕು. ಮೊಟ್ಟೆ ಇಟ್ಟ 21 ದಿನಕ್ಕೆ ಕೆಲಸಗಾರ ನೊಣ ಹೊರಬರುತ್ತದೆ, ಅದು ಹೂವಿಗೆ ಹೋಗಲು ಇನ್ನೂ ಎರಡು-ಮೂರು ವಾರ. ನವೆಂಬರ್ ಕೊನೆಯ ಹೂವಿಗೆ ದುಡಿಯುವ ನೊಣದ ಮೊಟ್ಟೆ ಅಕ್ಟೋಬರ್ ನಡುವಿಗೇ ಬಿದ್ದಿರಬೇಕು. ಆಗ ಒಂದಕ್ಕೆ ಒಂದು ಸಕ್ಕರೆ ಪಾಕ ಕೊಟ್ಟು ರಾಣಿಯನ್ನು ಎಬ್ಬಿಸಿ, ಜೇನು ಕೋಣೆ ಏರಿಸುವ ದಿನದಿಂದ ಪಾಕ ಪೂರ್ತಿ ಬಂದ್. ಎಂಟು ಫ್ರೇಮು ನೊಣ ಇಲ್ಲದ ಪೆಟ್ಟಿಗೆಯನ್ನು ಹೊಲಕ್ಕೆ ಒಯ್ಯುವುದು ಬಾಡಿಗೆ ದಂಡ.

ಕುಸುಬಿ_ಸಾಲು

ಮ್ಯಾಲಿನವರು ತುಪ್ಪದ್ದು ಛಲೋ ಬರದಾರ. ಹೊಲದ ಕಡಿಯಿಂದ ನಾಲ್ಕ ಮಾತು ನಾ ಹೇಳ್ತೀನ್ರಿ, ಯಾಕಂದ್ರ ಎಣ್ಣಿ (ಕೀಟನಾಶಕ) ಹೊಡ್ಯೂದರ ಲೆಕ್ಕ ತಪ್ಪಿದ್ರ ತುಪ್ಪ ತಗಿಯೂ ಪ್ರಶ್ನಿನ ಬರಂಗಿಲ್ಲ.

ಸೂರ್ಯಪಾನಕ್ಕ (ಸೂರ್ಯಕಾಂತಿಗೆ) ಹೂವಿನ ಹೊತ್ತಿನ್ಯಾಗ ಬರೂದು ತೆನಿ ಕೊರಕ ಹುಳ. ಅಂಗಡ್ಯಾಗ ಕೇಳಿದ್ರ ಕೈಗೆ ಬಂದದ್ದು ಕೊಡ್ತಾರ. ಲ್ಯಾಂಬ್ಡಾ, ಕ್ಲೋರೋಪೈರಿಫಾಸ್ ಇವು ಹೂವಿನ್ಯಾಗ ಹೊಡದ್ರ ನೊಣ ಅಲ್ಲೇ ಸಾಯ್ತಾವ. ಅದರ ಬದ್ಲಿ ಎನ್‌ಪಿವಿ ನಂಜಾಣು ದ್ರಾವಣ ಹೆಕ್ಟೇರಿಗೆ 250 ಎಲ್‌ಇ (ಎಷ್ಟು ಹುಳದ ನಂಜು ಅನ್ನೂ ಅಳತಿ), ಸಂಜಿ ಮುಂದ ಹೊಡೀರಿ. ಅದು ಹುಳಕ್ಕಷ್ಟ ಬಡಿತೈತಿ, ಜೇನಿಗೆ ಏನೂ ಮಾಡಂಗಿಲ್ಲ. ಬಿಸಿಲಿಗೆ ಅದರ ಶಕ್ತಿ ಹೋಗ್ತೈತಿ, ಅದಕ್ಕ ಸಂಜೀನ ಬೇಕು. ಹುಳ ಸಣ್ಣದಿದ್ದಾಗ ಹೊಡದ್ರಷ್ಟ ಉಪಯೋಗ, ಬೆರಳುದ್ದ ಆದ ಮ್ಯಾಲ ಹೊಡದ್ರ ರೊಕ್ಕ ದಂಡ.

ಎಲಿ ಮ್ಯಾಲಿನ ಚುಕ್ಕಿ ರೋಗಕ್ಕ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಹಾಕ್ತಾರ. ಅದು ನೊಣಕ್ಕ ಅಷ್ಟು ನಂಜಲ್ಲ, ಆದ್ರೂ ಮುಂಜಾನಿ ಒಂಬತ್ತರಿಂದ ಹನ್ನೊಂದರ ಒಳಗ ಹೊಡಿಬ್ಯಾಡ್ರಿ. ಸೂರ್ಯಪಾನದ ಮ್ಯಾಲ ನೊಣ ಹೆಚ್ಚಿರೂದು ಅದ ಹೊತ್ತಿನ್ಯಾಗ. ಹೂವು ತೊಯ್ದು ಹೋದ್ರ ಆವತ್ತಿನ ಪರಾಗ ಹ್ವಾದಂಗ.

ಕುಸುಬಿ ಕತಿ ಬ್ಯಾರೆ. ಅದಕ್ಕ ಕರಿ ಹೇನು (ರಸ ಹೀರೂ ಸಣ್ಣ ಹುಳ) ಬೀಳೂದು ಹೂವಿಗಿಂತ ಮೊದ್ಲ. ಹೂವು ಇನ್ನೂ ಬಂದಿಲ್ಲ, ಈಗ ಡೈಮಿಥೋಯೇಟ್ ಹೊಡದ್ರ ಏನಾಗ್ತೈತಿ ಅಂತಾರ. ಹೇನು ಬಿಟ್ಟ ಅಂಟು ಸಿಹಿ ಎಲಿ ಮ್ಯಾಲ ಇರ್ತೈತಿ, ಬ್ಯಾರೆ ಹೂವು ಕಮ್ಮಿ ಇದ್ದಾಗ ಜೇನು ಬಂದು ಅದನ್ನ ನೆಕ್ತಾವ. ಹೂವಿಲ್ಲದ ಹೊಲದಾಗ ನೊಣ ಸಾಯೂದು ಹಿಂಗ. ಪೆಟಿಗಿ ಬಾಗಿಲದ ಮುಂದ ನಾಲಿಗಿ ಹೊರಗ ಚಾಚಿ ಸತ್ತ ನೊಣದ ಗುಂಪಿ ಕಂಡ್ರ, ಕೆಲವು ಗಿರಿಗಿರಿ ತಿರಗಾಕತ್ತಿದ್ರ, ಅದು ಎಣ್ಣಿನ.

ಹೊಡಿಯೂದು ತಪ್ಪಂಗಿಲ್ಲ ಅಂದ್ರ ಹಿಂದಿನ ದಿನ ಹೇಳಾಕ ಹೊಲದವ್ರಿಗೆ ಹೇಳಿಡ್ರಿ. ಸಂಜಿ ಐದೂವರಿ ಮ್ಯಾಲ ಹೊಡ್ಯಾಕ ಒಪ್ಪಿದ್ರ ಪೆಟಿಗಿ ಮುಟ್ಟೂದು ಬ್ಯಾಡ. ಮುಂಜಾನಿನ ಹೊಡಿತೀನಿ ಅಂದ್ರ ಹಿಂದಿನ ರಾತ್ರಿ ಬಾಗಿಲಕ್ಕ ಜಾಳಿಗಿ ಹಚ್ಚಿ, ಮ್ಯಾಲ ಹಸಿ ಗೋಣಿಚೀಲ ಹಾಕಿ, ಗಾಳಿ ಆಡಾಕ ಮ್ಯಾಲಿನ ಮುಚ್ಚಳ ಒಂಚೂರು ಎತ್ತಿಡ್ರಿ. ಒಂದು ದಿನಕ್ಕಿಂತ ಹೆಚ್ಚು ಮುಚ್ಚಬ್ಯಾಡ್ರಿ, ತುಂಬಿದ ಪೆಟಿಗಿ ಬಿಸಿಲಾಗ ಉಸಿರುಗಟ್ಟಿ ಎರಿ ಕುಸಿದು ಬೀಳ್ತೈತಿ.

ಇನ್ನೊಂದು. ರೈತರಿಗೆ ಪೆಟಿಗಿ ಬ್ಯಾಡ ಅನಿಸಿದ್ರ ತೆನಿ ನಟ್ಟನಡುವ ಮುಟ್ಟಿ ನೋಡ್ರಿ ಅಂತ ಹೇಳ್ರಿ. ಜೇನು ಕಮ್ಮಿ ಇದ್ದ ಹೊಲದಾಗ ನಡುವಿನ ಕಾಳು ಜೊಳ್ಳು. ಅದಕ್ಕ ಅರಿವಿ ಸುತ್ತಿದ ಕೈಲೆ ತೆನಿ ಉಜ್ಜ್ರಿ ಅಂತ ಕೃಷಿ ಇಲಾಖೆಯವ್ರು ಹೇಳೂದು, ಮುಂಜಾನಿ ಹೊತ್ತು, ದಿನ ಬಿಟ್ಟು ದಿನ, ಎರಡು ವಾರ. ಆ ಆಳಿನ ಪಗಾರ ಉಳಿತೈತಿ ಅಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಬೋರಾಕ್ಸ್ ಲೀಟರಿಗೆ 2 ಗ್ರಾಂ, ಹಳದಿ ಪಕಳಿ ಬಿಚ್ಚೂ ಹೊತ್ತಿಗೆ ಹೊಡದ್ರ ಕಾಳು ಕಟ್ಟೂದು ಇನ್ನೂ ಛಲೋ. ಅದನ್ನೂ ಸಂಜಿ ಮುಂದ.

ಮತ್ತ ಎತ್ತಿನ ಜೋಡಿ ಹೋಗೂ ದಾರಿಗೆ ಬಾಗಿಲು ಮಾಡಿ ಪೆಟಿಗಿ ಇಡಬ್ಯಾಡ್ರಿ. ನೊಗ ಹೊತ್ತ ಎತ್ತು ಓಡಾಕ ಬರಂಗಿಲ್ಲ, ಒಂದು ನೊಣ ಕಚ್ಚಿದ್ರ ಆ ವಾಸನಿಗೆ ಉಳದವು ಮುಕರ್ತಾವ.

ಬರಣಿ_ಹನಿ

ಗಟ್ಟಿಯಾದ 11 ಫ್ರೇಮುಗಳ ವಿಷಯಕ್ಕೆ ಬರುತ್ತೇನೆ. ಅವನ್ನು ಎರಡು ಗುಂಪು ಮಾಡಿ.

ಅರೆಬರೆ ಕಟ್ಟಿದವು: ಇವನ್ನು ಒಂದು ದಿನ 33-35 ಡಿಗ್ರಿಯ ಬೆಚ್ಚನೆ ಕೋಣೆಯಲ್ಲಿಟ್ಟು ತಿರುಗಿಸಿ. ಚಿಕ್ಕ ಕೋಣೆ, ಎರಡು 100 ವ್ಯಾಟ್ ಬಲ್ಬು, ಫ್ರೇಮಿನ ಎತ್ತರಕ್ಕೆ ತೂಗುಹಾಕಿದ ಥರ್ಮಾಮೀಟರ್, ಇಷ್ಟೇ ಸಾಕು. ಈ ಶಾಖ ಹರಳನ್ನು ಕರಗಿಸುವುದಿಲ್ಲ, ಕರಗಿರುವುದನ್ನು ತೆಳ್ಳಗೆ ಮಾಡಿ ಹೊರಬರಲು ಬಿಡುತ್ತದೆ. 40 ದಾಟಿಸಬೇಡಿ, ಎರಿ ಮೆತ್ತಗಾಗಿ ಯಂತ್ರದಲ್ಲಿ ಮುರಿಯುತ್ತದೆ. ನಿಮ್ಮದು ಹೊಸ ಎರಿಯಾದರೆ ಮೊದಲು ಒಂದು ಮಗ್ಗುಲನ್ನು ಅರ್ಧ ತಿರುಗಿಸಿ, ಮಗ್ಗುಲು ಬದಲಿಸಿ ಪೂರ್ತಿ, ಮತ್ತೆ ಮೊದಲ ಮಗ್ಗುಲಿಗೆ. ಒಂದೇ ಸಲ ಜೋರಾಗಿ ತಿರುಗಿಸಿದರೆ ಒಳಮಗ್ಗುಲಿನ ಭಾರಕ್ಕೆ ಎರಿ ಹೊರಗೆ ಒಡೆದುಬರುತ್ತದೆ.

ಕಲ್ಲಾದವು: ಇವುಗಳಿಂದ ಒಳ್ಳೆಯ ತುಪ್ಪ ಬರುತ್ತದೆಂಬ ಆಸೆ ಬೇಡ. ಎರಿಯನ್ನು ಉಳಿಸಿಕೊಳ್ಳುವುದೇ ಲಾಭ. ಮೊಹರು ಕೆರೆದು ತೆಗೆದು, ಉಗುರುಬೆಚ್ಚನೆ ನೀರು ಸಿಂಪಡಿಸಿ, ಸಂಜೆ ಹೊತ್ತಿಗೆ ಪೆಟ್ಟಿಗೆಗೆ ಒಂದೋ ಎರಡೋ ಫ್ರೇಮಿನಂತೆ ಕೊಡಿ. ಅಡಿಮಣೆ ಮತ್ತು ಸಂಸಾರ ಕೋಣೆಯ ನಡುವೆ ಖಾಲಿ ಕೋಣೆಯೊಂದನ್ನಿಟ್ಟು ಅದರಲ್ಲಿ ತೂಗುಹಾಕಿದರೆ ನೊಣಗಳು ಅದನ್ನು ಮನೆಯೊಳಗಿನ ಸೊತ್ತೆಂದು ಬಗೆಯದೆ ಮೇಲಕ್ಕೆ ಸಾಗಿಸುತ್ತವೆ. ನೀರು ಸಿಂಪಡಿಸದೆ ಕೊಟ್ಟರೆ ದ್ರವ ಮಾತ್ರ ಹೀರಿ ಹರಳನ್ನು ಬಾಗಿಲಾಚೆ ಎಸೆಯುತ್ತವೆ. ಅಡಿಮಣೆ ಮೇಲೆ ಬಿಳಿ ರವೆ ಬಿದ್ದಿದ್ದರೆ ಅದೇ. ಆ ದಿನಗಳಲ್ಲಿ ಬಾಗಿಲು ಕಿರಿದು ಮಾಡಿ, ಇಲ್ಲದಿದ್ದರೆ ಪಕ್ಕದ ಪೆಟ್ಟಿಗೆಯ ನೊಣ ಲೂಟಿಗೆ ಬರುತ್ತದೆ. ಇದು ಅವುಗಳ ಆಹಾರ, ಮತ್ತೆ ತೆಗೆದು ಮಾರುವ ತುಪ್ಪ ಅಲ್ಲ, ತೇವ ಸೇರಿದೆ.

ಎರಿ ಹಳತಾಗಿ ಕಪ್ಪಾಗಿದ್ದರೆ ಕೊಯ್ದು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಮೇಣ ಕರಗುವುದು 62-64 ಡಿಗ್ರಿಯಲ್ಲಿ, ಅಷ್ಟು ಬಿಸಿ ಕಂಡ ತುಪ್ಪದ ಪರಿಮಳ ಹೋಗಿರುತ್ತದೆ. ಬೇಕರಿಗೆ ಕೊಡಬಹುದು, ಬಾಟಲಿಗೆ ಸೇರಿಸಬೇಡಿ.

ಬಹಳ ಜನ ತಪ್ಪುವ ಒಂದು ಸಂಗತಿ ಇದೆ. ತುಪ್ಪ ತೆಗೆದ ಫ್ರೇಮನ್ನು ಹಾಗೇ ಮೂಟೆ ಕಟ್ಟಿಟ್ಟು ಮುಂದಿನ ಹೂವಿಗೆ ಕೊಟ್ಟರೆ, ಕಣದ ತಳದಲ್ಲಿ ಅಂಟಿದ ಹಳೇ ಹರಳು ಹೊಸ ಮಕರಂದಕ್ಕೆ ಹೆಪ್ಪು ಹಾಕಿದಂತೆ. ಈ ಸಲ ಬೇಗ ಕಟ್ಟಿದ್ದಕ್ಕೆ ಇದೂ ಕಾರಣವಿರಬಹುದು. ತೆಗೆದ ದಿನವೇ ಸಂಜೆ ಪೆಟ್ಟಿಗೆಗೆ ವಾಪಸ್ ಕೊಟ್ಟು ನೆಕ್ಕಿಸಿ ಒಣಗಿಸಿ, ಆಮೇಲೆ ಎತ್ತಿಡಿ. ಯಂತ್ರ, ಸೋಸುವ ಬಟ್ಟೆ, ಡಬ್ಬಿ ಎಲ್ಲಕ್ಕೂ ಇದೇ ಮಾತು. ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಮುಂದಿನ ತುಪ್ಪ.

ಸೋಸುವುದನ್ನು ಮಾರನೇ ದಿನಕ್ಕೆ ಇಡಬೇಡಿ. ತೆಗೆದ ಹೊತ್ತಿನಲ್ಲಿ ತುಪ್ಪ 30 ಡಿಗ್ರಿ ಮೇಲಿರುತ್ತದೆ, ನೈಲಾನ್ ಬಟ್ಟೆಯಲ್ಲಿ ಸಲೀಸಾಗಿ ಇಳಿಯುತ್ತದೆ. ರಾತ್ರಿ ಕಳೆದರೆ ಹರಳು ಬಟ್ಟೆಯ ಕಣ್ಣು ಮುಚ್ಚುತ್ತದೆ. ಸೋಸಿದ್ದನ್ನು ಒಂದೆರಡು ದಿನ ಮುಚ್ಚಿಟ್ಟು ಮೇಲೆ ಬಂದ ನೊರೆ, ಮೇಣದ ಚೂರು ತೆಗೆದು ತುಂಬಿ. ಪಾತ್ರೆ ಸ್ಟೀಲು ಅಥವಾ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಡ್ರಮ್ಮು. ಸತು ಲೇಪಿಸಿದ ತಗಡಿನ ಡಬ್ಬಿ ಬೇಡ, ತುಪ್ಪದ ಹುಳಿ ಸತುವನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿ ಇರಲಿ. ಗಾಳಿಯ ತೇವ ಶೇ 60 ದಾಟಿದ ಕಡೆ ತೆರೆದಿಟ್ಟ ಒಳ್ಳೆಯ ತುಪ್ಪವೂ ನೀರು ಹೀರಿಕೊಳ್ಳುತ್ತದೆ.

ಗಿರಾಕಿಗೆ ಹೇಳುವುದು: ಎರಡು ದಾರಿ. ಒಂದು, ತಿಳಿ ಮಾಡಿ ಕೊಡುವುದು. 40-45 ಡಿಗ್ರಿ ನೀರಿನಲ್ಲಿ ಡಬ್ಬಿ ಇಳಿಸಿ ಕಾಯಿರಿ. 20 ಕಿಲೋ ಡಬ್ಬಿಗೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ, ಆತುರಪಟ್ಟು ಒಲೆಯ ಮೇಲಿಟ್ಟರೆ ತಳ ಕಂದುತ್ತದೆ, ಬಿಸಿಗೆ ಸಕ್ಕರೆ ಒಡೆದು ಹುಟ್ಟುವ ಎಚ್‌ಎಂಎಫ್ ಏರುತ್ತದೆ. ಅದಕ್ಕೆ ಎಫ್‌ಎಸ್‌ಎಸ್‌ಎಐ ಮಿತಿ ಕಿಲೋಗೆ 80 ಮಿಲಿಗ್ರಾಂ. ಅಷ್ಟಾದರೂ ಸೂರ್ಯಕಾಂತಿ ತುಪ್ಪ ಮತ್ತೆ ಕಟ್ಟಿಯೇ ಕಟ್ಟುತ್ತದೆ, ಈ ಕೆಲಸ ಕೊನೆಯಿಲ್ಲದ್ದು.

ಎರಡನೆಯದೇ ನನಗೆ ಸರಿ ಕಾಣುವುದು: ಅದನ್ನು ನುಣ್ಣಗೆ ಕಟ್ಟಿಸಿ, ಬೆಣ್ಣೆಯಂತೆ ಮಾಡಿ ಮಾರುವುದು. 1930ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈಸ್ ಎಂಬುವರು ರೂಪಿಸಿದ ಕ್ರಮ. ಒರಟು ಹರಳು ಕರಗುವಷ್ಟು, ಯೀಸ್ಟ್ ಸಾಯುವಷ್ಟು ಕಾಯಿಸಿ (ಅವರ ಕ್ರಮದಲ್ಲಿ ಕೊನೆಗೆ 66 ಡಿಗ್ರಿ, ಕೂಡಲೇ ತಣಿಸುವುದು), 24 ಡಿಗ್ರಿಗೆ ಇಳಿದಾಗ ನುಣ್ಣಗೆ ಕಟ್ಟಿದ ತುಪ್ಪವನ್ನು ಶೇ 5ರಿಂದ 10ರಷ್ಟು ಬೆರೆಸಿ. 10 ಕಿಲೋಗೆ ಅರ್ಧದಿಂದ ಒಂದು ಕಿಲೋ ಹೆಪ್ಪು. ಗಾಳಿ ಸೇರದಂತೆ ನಿಧಾನ ಕಲಸಿ, ಬಾಟಲಿಗೆ ತುಂಬಿ 14 ಡಿಗ್ರಿಯಲ್ಲಿ ಒಂದು ವಾರ. ಮನೆ ಫ್ರಿಜ್ಜಿನ 4-5 ಡಿಗ್ರಿ ಇದಕ್ಕೆ ಅತಿಯಾಯಿತು. ಹಳೇ ಫ್ರಿಜ್ಜಿಗೆ ಹೊರಗಿನಿಂದ ಥರ್ಮೋಸ್ಟಾಟ್ ಕಟ್ಟಿಕೊಂಡರೆ ಕೆಲಸ ನಡೆಯುತ್ತದೆ. ಹೆಪ್ಪಿನಲ್ಲಿ ನಾಲಿಗೆಗೆ ಸಿಗುವ ಮರಳಿದ್ದರೆ ಇಡೀ ತುಪ್ಪ ಮರಳಾಗುತ್ತದೆ, ಹಾಗಾಗಿ ಮೊದಲ ಹೆಪ್ಪನ್ನು ಕಲ್ಲಿನಲ್ಲಿ ನುಣ್ಣಗೆ ಅರೆದುಕೊಳ್ಳಿ. ತೇವಾಂಶ 18ರೊಳಗೆ ಇರಲೇಬೇಕು.

ನೀರಿಗೆ ಹಾಕಿದರೆ ದಾರದಂತೆ ಇಳಿಯಬೇಕು, ನಾಯಿ ಮೂಸಬಾರದು, ಬತ್ತಿ ಉರಿಯಬೇಕು, ಇವು ಯಾವುವೂ ತುಪ್ಪದ ಶುದ್ಧತೆಯ ಪರೀಕ್ಷೆಗಳಲ್ಲ, ದಪ್ಪ ಸಕ್ಕರೆ ಪಾಕವೂ ದಾರದಂತೆಯೇ ಇಳಿಯುತ್ತದೆ. ಲೇಬಲ್ಲಿನ ಮೇಲೆ "ಸೂರ್ಯಕಾಂತಿ ಹೂವಿನ ತುಪ್ಪ, ಚಳಿಗೆ ಗಟ್ಟಿಯಾಗುವುದು ಇದರ ಗುಣ" ಎಂದು ಮೊದಲೇ ಅಚ್ಚು ಹಾಕಿಸಿಬಿಡಿ. ಗಾಜಿಗೆ ಅಂಟಿ ಬಿಳಿ ಗರಿಯಂತೆ ಕಾಣುವ ಪಟ್ಟೆಗಳಿಗೂ ಜನ ಗಾಬರಿಯಾಗುತ್ತಾರೆ. ಅದು ಗಾಳಿಗುಳ್ಳೆ, ದೋಷವಲ್ಲ.

ತುಡುವೆ_ಮಲೆನಾಡು

ಅರ್ಧ ಮೊಹರಿಗೆ ತೆಗೆಯಿರಿ ಎಂಬ ಮಾತನ್ನು ಎಲ್ಲ ಕಡೆಯವರೂ ಓದುತ್ತಾರಾದ್ದರಿಂದ ಒಂದು ತಡೆ ಹಾಕುತ್ತೇನೆ. ಅದು ಡಿಸೆಂಬರಿನ ಬಯಲುಸೀಮೆಗೆ ಮಾತ್ರ. ಹುಚ್ಚೆಳ್ಳು ಹೂ ಬಿಡುವುದು ಸೆಪ್ಟೆಂಬರಿನಿಂದ ನವೆಂಬರ್, ಹಿಂಗಾರು ಮಳೆ ನಡುವೆ. ಆಗ ಅರ್ಧ ಮೊಹರಿನ ತುಪ್ಪ 21-22 ತೋರಿಸಿದರೂ ಆಶ್ಚರ್ಯವಿಲ್ಲ. ಗುಂಡ್ಲುಪೇಟೆ ಕಡೆ ಜೂನ್-ಜುಲೈ ಹೊತ್ತಿಗೆ ಅರಳುವ ಮುಂಗಾರು ಸೂರ್ಯಕಾಂತಿಗೂ ಇದೇ ಎಚ್ಚರ. ಅಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮೊಹರು ಬೇಕು, ಮೀಟರ್ ಇಲ್ಲದೆ ಮುಟ್ಟಬಾರದು. ರಾತ್ರಿ ಅಷ್ಟು ಚಳಿ ಇಲ್ಲದ ಕಾಲವಾದ್ದರಿಂದ ಕಾಯಲು ಸಮಯವೂ ಸಿಗುತ್ತದೆ.

ಹುಚ್ಚೆಳ್ಳಿಗೆ ಜೇನು ಬೇಕೇ ಬೇಕು. ತನ್ನದೇ ಪರಾಗದಿಂದ ಅದು ಕಾಳು ಕಟ್ಟುವುದಿಲ್ಲ, ಇನ್ನೊಂದು ಗಿಡದ್ದು ಬರಬೇಕು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಾಕಿದ ಹುಚ್ಚೆಳ್ಳು ಕೂಡ ನೊಣವನ್ನು ಚೆನ್ನಾಗಿ ಎಳೆಯುತ್ತದೆ. ಶೇಂಗಾ ಎಣ್ಣೆಕಾಳೇ ಆದರೂ ಜೇನಿಗೆ ಅದರಿಂದ ಏನೂ ಇಲ್ಲ, ಅದನ್ನು ನಂಬಿ ಪೆಟ್ಟಿಗೆ ಒಯ್ಯಬೇಡಿ.

ತುಡುವೆ ಜೇನು (ನಮ್ಮ ದೇಶಿ ಜಾತಿ) ಸಾಕುವವರಿಗೆ: ತುಡುವೆ ಹೆಚ್ಚಾಗಿ ಒಂದು ಕಿಲೋಮೀಟರಿನೊಳಗೇ ದುಡಿಯುತ್ತದೆ, ಪೆಟ್ಟಿಗೆ ಹೊಲದ ಬದುವಿಗೇ ಬರಬೇಕು. ಕಿರಿಕಿರಿಯಾದರೆ ಗೂಡು ಬಿಟ್ಟು ಪರಾರಿಯಾಗುತ್ತದೆ, ಎಂಟು ದಿನಕ್ಕೊಮ್ಮೆ ಬಿಚ್ಚಿ ತುಪ್ಪ ತೆಗೆಯುವ ಆಟ ಅದರ ಹತ್ತಿರ ನಡೆಯದು. ಎರಡು ಕಡೆಯ ಪೆಟ್ಟಿಗೆ ಒಂದೇ ಹೊಲಕ್ಕೆ ಬಂದಾಗ ಫ್ರೇಮು ಅದಲುಬದಲು ಮಾಡಬೇಡಿ. 1991-92ರಲ್ಲಿ ದಕ್ಷಿಣದ ತುಡುವೆಯನ್ನು ಬರಿದು ಮಾಡಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಈಗಲೂ ಇದ್ದೇ ಇದೆ.

ಮೆಲ್ಲಿಫೆರಾದವರಿಗೂ ಒಂದು ಮಾತು: ಜೇನು ಕೋಣೆಯೇ ಇಲ್ಲದೆ ಸಂಸಾರ ಕೋಣೆಯ ಫ್ರೇಮನ್ನೇ ಯಂತ್ರಕ್ಕೆ ಹಾಕುವುದು ಬಹಳ ಕಡೆ ಇದೆ. ಮರಿಹುಳು ಕಿತ್ತು ತುಪ್ಪಕ್ಕೆ ಬೀಳುತ್ತದೆ, ತೇವಾಂಶ ಏರುತ್ತದೆ, ಮುಂದಿನ ಪೀಳಿಗೆಯೂ ಹೋಯಿತು. ರಾಣಿ ತಡೆ ಜಾಲರಿ ಹಾಕಿ ಮೇಲಿನ ಕೋಣೆಯಿಂದ ಮಾತ್ರ ತೆಗೆಯಿರಿ.

ಎರೆಹೊಲ_ಗದಗ

ಗಟ್ಟಿಯಾದ ಫ್ರೇಮುಗಳಲ್ಲಿ ಎಂಟು ಅಂಚಿನವೇ, ಸರಿಯಾಗಿ ಹೇಳಿದಿರಿ. ಹಳೇ ಎರಿ ನೆಕ್ಕಿಸದೆ ಕೊಟ್ಟದ್ದೂ ನಿಜ.

ಮೀಟರ್ ಬಗ್ಗೆ ಒಂದು ಅನುಮಾನ. ನನ್ನ ಹತ್ತಿರ ಇರುವುದು ಹಣ್ಣಿನ ರಸಕ್ಕೆ ಬಳಸುವ ಬ್ರಿಕ್ಸ್ (ಕರಗಿದ ಸಕ್ಕರೆಯ ಶೇಕಡಾ) ಮೀಟರ್, 90ರವರೆಗೆ ಓದುತ್ತದೆ. 80 ತೋರಿಸಿದರೆ ತೇವಾಂಶ 20 ಎಂದು ಹಿಡಿಯಬಹುದೇ? ಹಾಗೂ ಸೂರ್ಯಕಾಂತಿ ಮುಗಿದ ಮೇಲೆ ಪೆಟ್ಟಿಗೆಗಳನ್ನು ಅಲ್ಲೇ ಕುಸುಬೆಗೆ ಬಿಡಲೇ?

ರಟ್ಟು_ಮೇಣ

ಇಲ್ಲ, ನೇರ ಕಳೆಯಬೇಡಿ. 100ರಿಂದ ಬ್ರಿಕ್ಸ್ ಕಳೆದಾಗ ಸಿಗುವ ಸಂಖ್ಯೆ ನಿಜವಾದ ತೇವಾಂಶಕ್ಕಿಂತ ಒಂದೂವರೆಯಿಂದ ಎರಡರಷ್ಟು ಹೆಚ್ಚಿರುತ್ತದೆ. 80 ತೋರಿಸಿದರೆ ತೇವಾಂಶ ಹದಿನೆಂಟು ಚಿಲ್ಲರೆ. ಜೇನಿನ ಮೀಟರಿನಲ್ಲಿ ನೀರಿನ ಅಳತೆಯ ಗೆರೆ ಬೇರೆಯೇ ಇರುತ್ತದೆ, ಅದನ್ನು ಕೊಳ್ಳುವುದೇ ವಾಸಿ. ಹರಳಿರುವ ತುಪ್ಪ ಹಚ್ಚಿದರೆ ಗೆರೆ ಮಸುಕಾಗಿ ತಪ್ಪು ಓದುತ್ತದೆ. ಹನಿಯನ್ನು ಮುಚ್ಚಿದ ಸಣ್ಣ ಸೀಸೆಯಲ್ಲಿ ಬೆಚ್ಚಗೆ ಮಾಡಿ ಕರಗಿಸಿ, ಮೀಟರಿನ ಹವೆಗೆ ತಣಿಯಲು ಬಿಟ್ಟು ನೋಡಿ. ಒಂದೇ ಫ್ರೇಮಿನ ಮೂರು ಕಡೆಯಿಂದ ಹನಿ ತೆಗೆಯಿರಿ. ಮೊಹರಿದ್ದಲ್ಲಿ 17.5, ಕೆಳಗಿನ ತೆರೆದ ಕಣದಲ್ಲಿ 20 ಇರುವುದು ಸಾಮಾನ್ಯ. ಎಲ್ಲ ಬೆರೆತ ಮೇಲಿನ ಡ್ರಮ್ಮಿನ ಓದೇ ಕೊನೆಯ ಮಾತು. ಮೊಹರು ಕೊಯ್ಯುವ ಚಾಕುವನ್ನು ಬಿಸಿನೀರಿಗೆ ಅದ್ದುತ್ತೀರಲ್ಲ, ಪ್ರತಿ ಸಲ ಒರೆಸಿಯೇ ಹಚ್ಚಿ. 30 ಪೆಟ್ಟಿಗೆ ಮುಗಿಯುವಷ್ಟರಲ್ಲಿ ಆ ನೀರೂ ಲೆಕ್ಕಕ್ಕೆ ಬರುತ್ತದೆ.

ಕುಸುಬೆಗೆ ಬಿಡಬಹುದು, ಮೇಲೆ ಕುಸುಬಿ_ಸಾಲು ಅವರು ಹೇಳಿದ ಹೇನಿನ ಸಿಂಪರಣೆ ಮುಗಿದಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಸೂರ್ಯಕಾಂತಿಯ ಪರಾಗದಲ್ಲಿ ಪ್ರೋಟೀನು ಕಡಿಮೆ, ಅದೊಂದನ್ನೇ ತಿಂದ ಕುಟುಂಬ ಹೂ ಮುಗಿಯುವಷ್ಟರಲ್ಲಿ ಬಡವಾಗಿರುತ್ತದೆ. ಜೋಳ, ಕೊತ್ತಂಬರಿ ಸುತ್ತ ಇರುವುದು ನಿಮಗೆ ಅನುಕೂಲ. ಕೊನೆಯ ಸಲ ತೆಗೆಯುವಾಗ ಪೆಟ್ಟಿಗೆಗೆ ನಾಲ್ಕೈದು ಕಿಲೋ ತುಪ್ಪ ಬಿಡಿ, ಎರಡು ತುಂಬಿದ ಫ್ರೇಮಾದರೆ ಆಯಿತು. ಅದು ಸಂಸಾರ ಕೋಣೆಯಲ್ಲಿ, ಮೊಟ್ಟೆ-ಮರಿ ಇರುವ ಎರಿಗೆ ಒತ್ತಿಕೊಂಡಿರಲಿ. ಅಲ್ಲಿ ಬೆಚ್ಚಗಿರುತ್ತದೆ, ಬೇಗ ಕಟ್ಟುವುದಿಲ್ಲ. ಹತ್ತಿರದಲ್ಲೇ ನೀರಿಡಿ: ಅಗಲ ಬೋಗುಣಿ, ಅದರಲ್ಲಿ ಕಲ್ಲು, ಮೇಲೆ ಗೋಣಿತಟ್ಟು, ದಿನಾ ತುಂಬುವಂತೆ. ಕಟ್ಟಿದ ತುಪ್ಪವನ್ನು ತಿನ್ನಲು ನೊಣಕ್ಕೆ ನೀರು ಬೇಕು, ನೀರು ದೂರವಿದ್ದರೆ ತುಪ್ಪ ತುಂಬಿದ ಪೆಟ್ಟಿಗೆಯೂ ಹಸಿಯುತ್ತದೆ.

ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳ ಕೆಳಗೆ ಒಂದೊಂದು ಚಪ್ಪಡಿ ಹಾಕಿ. ಎರೆಮಣ್ಣು ಜನವರಿಗೆ ಬಿರುಕು ಬಿಟ್ಟಾಗ ಕಾಲು ಇಳಿದು ಪೆಟ್ಟಿಗೆ ವಾಲುತ್ತದೆ, ಫ್ರೇಮುಗಳು ಒಂದಕ್ಕೊಂದು ತಾಗಿ ನಡುವಿನ ನೊಣ ಜಜ್ಜಿಹೋಗುತ್ತವೆ. ಜಜ್ಜಿದ ನೊಣಗಳ ನಡುವೆ ರಾಣಿಯೂ ಇರಬಹುದು.